ದೋ

ಆರು ಅಕ್ಷರ ಬರೆದರು ನಸೀಮಾ ಮಿಸ್ ಹಲಗೆ ಮೇಲೆ:
ಟಿ, ಎಚ್, ಓ, ಯು, ಜಿ, ಮತ್ತೆ ಎಚ್.
ಓದೋದು ಮಾತ್ರ ಅರ್ಧ ಉಸಿರು. ದೋ.

ಕೌಲ್ ಬಜಾರಿನ ಮಾಳಿಗೆ, ಒಂದು ಟ್ಯೂಬ್‌ಲೈಟು,
ಹತ್ತನೇ ಕ್ಲಾಸಿಗೆ ಮತ್ತೆ ಕಟ್ಟಿದ ಹನ್ನೊಂದು ಹೆಂಗಸರು.
ಕೆಳಗೆ ಜೀನ್ಸ್ ತೊಳೆಯೋ ಮಿಷನ್ನಿನ ಗುಡುಗು;
ಎಂಟಕ್ಕೆ ಅದು ನಿಂತ ಮೇಲೇ
ಮಿಸ್ ಏನಂತಾರೆ ಅಂತ ಪೂರಾ ಕೇಳೋದು.

ದಿನಕ್ಕೆ ನಾನೂರು ಪ್ಯಾಂಟು, ಹೊಲಿಗೆಯಾಚೆ ಉಳಿದ
ದಾರದ ತುದಿ ಕತ್ತರಿಸೋದು ನನ್ನ ಕೆಲಸ.
"ಬೆರಳೇನಮ್ಮ ಇಷ್ಟು ನೀಲಿ?" ಅಂದರು.
"ಎಷ್ಟು ತಿಕ್ಕಿದರೂ ಹೋಗಲ್ಲ ಮಿಸ್."
"ಅದೇ! ಆ 'ರೂ' ಅಂದೆಯಲ್ಲ ಯರ್ರಮ್ಮ,
ಅದೇ ದೋ."

ತಿಕ್ಕಿದರೆ ಹೋಗುತ್ತೆ. ತಿಕ್ಕಿದರೂ ಹೋಗಲ್ಲ.
ಎತ್ವ ಕಿತ್ತು ಕೊಂಬು ಹಚ್ಚಿದ್ದಷ್ಟೇ.
ನಲವತ್ತೊಂದು ವರ್ಷ ಆಡಿದ ಮಾತು,
ಒಳಗೆ ಇಷ್ಟು ಸಣ್ಣ ಕೀಲು ಐತೆ ಅಂತ
ಯಾರೂ ತೋರಿಸಿರಲಿಲ್ಲ.

ಗುಂತಕಲ್ಲಿನ ಓಬುಳಮ್ಮ ಅಂದಳು, ನಮ್ಮಲ್ಲಿ 'ಅಯಿನಾ'.
ಜುಲೇಖಾ ಸೆರಗು ಬಾಯಿಗಿಟ್ಟು ನಕ್ಕಳು:
"ನಮ್ಮಲ್ಲಿ ದೋ ಅಂದ್ರೆ ಎರಡಲ್ವಾ ಮಿಸ್?"
ಮಿಸ್ಸೂ ನಕ್ಕರು. ಆಮೇಲೆ ಸುಮ್ಮನಾದರು.
"ಇದೂ ಎರಡೇ," ಅಂದರು,
"ಒಂದು ಸುಳ್ಳಾದರೆ ಇನ್ನೊಂದು ನಿಜ ಅನ್ನಂಗಿಲ್ಲ.
ಎರಡೂ ನಿಜ ಇರಬೇಕು."

ಇಂಗ್ಲಿಷಿನವರು ಅದನ್ನ ಹೊಸ್ತಿಲಲ್ಲೇ ಕೂಡಿಸ್ತಾರಂತೆ,
ಒಳಗೆ ಬರೋರಿಗೆ ಮೊದಲೇ ಸುಳಿವು.
ನಾವು ಬಾಲಕ್ಕೆ ಕಟ್ಟೋರು.
ಮಾತು ಮುಗಿಯೋ ತನಕ ಗೊತ್ತಾಗಲ್ಲ,
ಬೈತಾಳೋ, ಮನ್ನಿಸ್ತಾಳೋ.

ಸ್ವಂತ ವಾಕ್ಯ ಬರೀರಿ ಅಂದರು. ಬರೆದೆ.
ಅಕ್ಕ ಮಾತು ಬಿಟ್ಟಿದ್ದರೂ, ಆದರೆ ಅಕ್ಕಿ ಕಳಿಸ್ತಾಳೆ.

ಆರು ವರ್ಷ. ಅವ್ವನ ಬೆಂಡೋಲೆ ಜಗಳ;
ಒಂದು ನನ್ನ ಡಬ್ಬಿಯಲ್ಲಿ, ಇನ್ನೊಂದು ಹೊನ್ನೂರಕ್ಕನ ಹತ್ತಿರ,
ಇಬ್ಬರ ಕಿವಿಗೂ ಇಲ್ಲ.
ಸುಗ್ಗಿ ಮುಗಿದ ವಾರ ಸಿರುಗುಪ್ಪದ ಬಸ್ಸಿನ ಮೇಲಿಂದ
ಅರ್ಧ ಚೀಲ ಸೋನಾ ಮಸೂರಿ ಇಳಿಯುತ್ತೆ.
ಬಾಯಿಗೆ ದಬ್ಬಣದ ಅಡ್ಡಹೊಲಿಗೆ, ಅವಳದೇ, ಎಡಗೈಯದು.
ಚೀಟಿ ಇಲ್ಲ. ಫೋನಿಲ್ಲ.

ಮಿಸ್ ಕೆಂಪು ಪೆನ್ನಲ್ಲಿ 'ಬಟ್' ಹೊಡೆದು ಹಾಕಿದರು.
ದೋ ಬಂದ ಮೇಲೆ ಬಟ್ ಬರಬಾರದು.
ನಮ್ಮ ಮನೆಯಲ್ಲಿ ಎರಡೂ ಬೇಕಾಗ್ತಾವೆ ಮಿಸ್,
ಅನ್ನಬೇಕೆಂದೆ, ಅನ್ನಲಿಲ್ಲ.

"ಬೇಕಾದರೆ ತಿರುಗಿಸಿ ಬರಿ," ಅಂದರು.
ತಿರುಗಿಸಿದೆ:
ಅಕ್ಕಿ ಕಳಿಸಿದರೂ ಅಕ್ಕ ಮಾತಾಡಲ್ಲ.
ಅವೇ ಅಕ್ಕಿ, ಅದೇ ಅಕ್ಕ.
ಕೊನೆಗೆ ಉಳಿದದ್ದು ಮಾತ್ರ ಬೇರೆ.
ಒಂದರಲ್ಲಿ ಒಲೆ ಮೇಲೆ ಅನ್ನ ಕುದಿಯುತ್ತೆ,
ಇನ್ನೊಂದರಲ್ಲಿ ಬಾಗಿಲು ಮುಚ್ಚುತ್ತೆ.
ಎರಡಕ್ಕೂ ಮಿಸ್ ಸರಿ ಗುರುತು ಹಾಕಿದರು.
ಯಾವುದು ಇಟ್ಟುಕೊಳ್ಳಬೇಕು ಅಂತ ಹೇಳಲಿಲ್ಲ.

ಒಂದೇ ಕೇಳಿದೆ ನಾನು, ಮಿಷನ್ನು ನಿಂತಿತ್ತು,
ಎಲ್ಲರಿಗೂ ಕೇಳಿತು:
ಸದ್ದೇ ಮಾಡದ ಯು, ಜಿ, ಎಚ್
ಯಾಕೆ ಬರೀಬೇಕು?
"ಬಿಟ್ಟರೆ ತಪ್ಪು," ಅಂದರು.

ಬರೋವಾಗ ದಾರಿಯುದ್ದಕ್ಕೂ ನೆಲ ನೀಲಿ.

ಚೀಲ ತಿರುಗಿ ಕಳಿಸೋವಾಗ ಖಾಲಿ ಕಳಿಸಬಾರದು, ಅವ್ವನ ಮಾತು.
ಅವಳ ಮಗನ ಅಳತೆ ಗೊತ್ತಿಲ್ಲ, ಬೆಳೆದಿರ್ತಾನೆ;
ಅಂದಾಜಿಗೆ ಎರಡು ಸೆಕೆಂಡ್ಸ್ ಪ್ಯಾಂಟು ಮಡಿಸಿಟ್ಟೆ,
ಒಂದರ ಜೇಬು ಸ್ವಲ್ಪ ವಾರೆ.
ನಾನೂ ಚೀಟಿ ಇಡಲಿಲ್ಲ.
ಬಾಯಿ ಹೊಲಿದೆ.
ಕತ್ತರಿ ಕೈಯಲ್ಲೇ ಇತ್ತು. ದಾರದ ತುದಿ
ಗೇಣುದ್ದ ಹಾಗೇ ಬಿಟ್ಟೆ.